ಹತ್ತು ಸೆಕೆಂಡಿಗೊಮ್ಮೆ ಬರೆದರೆ ಚಿಪ್ ಎಷ್ಟು ದಿನ ಬಾಳುತ್ತದೆ?

"ಪೆಟ್ಟಿಗೆಗೆ ನೆನಪೇ ನಿಲ್ತಿಲ್ಲ ಸಾರ್" ಅಂತ ಫೋನ್ ಬಂದಾಗ ಏಪ್ರಿಲ್ ತಿಂಗಳು. ತುಮಕೂರು ಕಡೆಯ ಅಡಿಕೆ ತೋಟದವರು. ನಾನು ಆಗ ಇದ್ದ ಒಂದು ಚಿಕ್ಕ ಕಂಪನಿ ಬೋರ್‌ವೆಲ್ ಮೋಟಾರಿಗೆ ಆಟೋ ಸ್ಟಾರ್ಟರ್ ಮಾಡಿ ಮಾರುತ್ತಿತ್ತು. ಅದರ ಫರ್ಮ್‌ವೇರ್, ಅಂದರೆ ಒಳಗಿನ ಚಿಪ್ ನಡೆಸುವ ಪ್ರೋಗ್ರಾಂ, ಬರೆದವನು ನಾನು. ತ್ರೀಫೇಸ್ ಕರೆಂಟ್ ಬಂದ ಕೂಡಲೇ ಮೋಟಾರ್ ಆನ್ ಮಾಡಬೇಕು, ತೋಟದವರು ಹೇಳಿದಷ್ಟು ಹೊತ್ತು ಓಡಿಸಬೇಕು, ಮಧ್ಯದಲ್ಲಿ ಕರೆಂಟ್ ಹೋದರೆ ಅಲ್ಲಿಯವರೆಗೆ ಎಷ್ಟು ಓಡಿತ್ತು ಅನ್ನೋದನ್ನು ನೆನಪಿಟ್ಟುಕೊಂಡು, ಕರೆಂಟ್ ಮತ್ತೆ ಬಂದಾಗ ಉಳಿದ ಹೊತ್ತು ಓಡಿಸಬೇಕು. ಅದರ ಕೆಲಸ ಇಷ್ಟೇ.

ಆ ಪೆಟ್ಟಿಗೆ ಹದಿಮೂರು ತಿಂಗಳು ಸರಿಯಾಗಿ ನಡೆದಿತ್ತು. ಆಮೇಲೆ ಒಂದು ದಿನ ಬೆಳಿಗ್ಗೆ ಮೋಟಾರ್ ಶುರುವಾಗಲೇ ಇಲ್ಲ. "ಇವತ್ತಿನ ಓಟ ಆಗಲೇ ಮುಗಿದಿದೆ" ಅಂತ ಪೆಟ್ಟಿಗೆ ನಂಬಿತ್ತು. ಎರಡು ದಿನ ತೋಟಕ್ಕೆ ನೀರಿಲ್ಲ, ಅದೂ ಏಪ್ರಿಲ್ ಬಿಸಿಲಿನಲ್ಲಿ. ಅದೇ ವಾರ ಇನ್ನೂ ಮೂರು ಕಡೆಯಿಂದ ಅದೇ ದೂರು ಬಂತು. ವಾರಂಟಿ ಒಂದು ವರ್ಷ, ಅದು ಮುಗಿದು ಒಂದು ತಿಂಗಳಾಗಿತ್ತು.

ಒಂದು ಪೆಟ್ಟಿಗೆ ತರಿಸಿ ಟೇಬಲ್ ಮೇಲೆ ಇಟ್ಟು ನೋಡಿದೆ. ಬರೆದ ಸಂಖ್ಯೆಯನ್ನು ಕೂಡಲೇ ಓದಿದರೆ ಸರಿಯಾಗಿಯೇ ಬರುತ್ತಿತ್ತು. ಹತ್ತು ಸಲ ಬರೆದೆ, ಹತ್ತು ಸಲವೂ ಸರಿ. ಸುಮ್ನೆ ಹಾಗೇ ಬಿಟ್ಟು ಮನೆಗೆ ಹೋಗಿ ಮರುದಿನ ಬೆಳಿಗ್ಗೆ ಬಂದು ಓದಿದರೆ ಬೇರೆಯೇ ಸಂಖ್ಯೆ, ಯಾವುದೋ ದೊಡ್ಡದು. ರಾತ್ರಿ ಕಳೆಯುವಷ್ಟರಲ್ಲಿ ಚಿಪ್ ಮರೆತಿತ್ತು. ಅವತ್ತಿನವರೆಗೆ ನನ್ನ ತಲೆಯಲ್ಲಿದ್ದ ಚಿತ್ರ ಏನಂದರೆ, ಮೆಮೊರಿ ಕೆಟ್ಟರೆ ಬರೆಯೋದಕ್ಕೆ ಆಗಲ್ಲ, ಅಷ್ಟೇ. ನಿಜವಾಗಿ ಸವೆದ ಮೆಮೊರಿ ಮೊದಲು ಕಳೆದುಕೊಳ್ಳುವುದು ಹಿಡಿದಿಟ್ಟುಕೊಳ್ಳುವ ಶಕ್ತಿಯನ್ನು. ಇದು ಗೊತ್ತಿಲ್ಲದೆ ಎಷ್ಟೋ ಜನ "ಬರೆದು ಓದಿ ನೋಡಿದೆ, ಚೆನ್ನಾಗಿದೆ" ಅಂತ ಬೋರ್ಡ್ ವಾಪಸ್ ಕಳಿಸುತ್ತಾರೆ.

ಈಗ ವಿಷಯಕ್ಕೆ ಬರೋಣ. ಕರೆಂಟ್ ಹೋದರೂ ಅಳಿಯದ, ಆದರೆ ಬೇಕಾದಾಗ ಅಳಿಸಿ ಮತ್ತೆ ಬರೆಯಬಹುದಾದ ಮೆಮೊರಿ ಇಲ್ಲದ ಉಪಕರಣ ಇವತ್ತು ಹುಡುಕಿದರೂ ಸಿಗುವುದಿಲ್ಲ. ವಾಷಿಂಗ್ ಮೆಷಿನ್ ಯಾವ ಸೈಕಲ್‌ನಲ್ಲಿ ನಿಂತಿತ್ತು, ಸ್ಕೂಟರ್ ಎಷ್ಟು ಕಿಲೋಮೀಟರ್ ಓಡಿದೆ, ಮೀಟರ್ ಎಷ್ಟು ಯೂನಿಟ್ ತೋರಿಸಬೇಕು, ವೈಫೈ ಪಾಸ್‌ವರ್ಡ್ ಏನು, ಎಲ್ಲವೂ ಅದರಲ್ಲೇ. ಅದರಲ್ಲಿ ದೊಡ್ಡ ಜಾತಿ ಎರಡು. ಒಂದು ಇಇಪ್ರಾಮ್, ಇನ್ನೊಂದು ಫ್ಲ್ಯಾಶ್. ಎರಡರ ಒಳಗೂ ಇರುವುದು ಒಂದೇ ಉಪಾಯ.

ಟ್ರಾನ್ಸಿಸ್ಟರಿನ ಒಳಗೆ ಯಾವ ತಂತಿಗೂ ಅಂಟಿಕೊಳ್ಳದ ಒಂದು ಪುಟ್ಟ ತುಣುಕು ಇಡುತ್ತಾರೆ. ಅದಕ್ಕೆ ಫ್ಲೋಟಿಂಗ್ ಗೇಟ್ ಅಂತ ಹೆಸರು. ಸುತ್ತ ಗಾಜಿನಂಥ ಆಕ್ಸೈಡ್ ಗೋಡೆ. ಅದರ ಒಂದು ಬದಿ ಎಷ್ಟು ತೆಳು ಅಂದರೆ ಸುಮಾರು ಹತ್ತು ನ್ಯಾನೋಮೀಟರ್, ತಲೆಕೂದಲಿನ ದಪ್ಪದ ಸಾವಿರದಲ್ಲಿ ಒಂದು ಪಾಲೂ ಇಲ್ಲ. ಚಿಪ್ ತನ್ನೊಳಗೇ ಜಾಸ್ತಿ ವೋಲ್ಟೇಜ್ ತಯಾರಿಸಿ ಆ ಗೋಡೆಯ ಮೂಲಕ ಎಲೆಕ್ಟ್ರಾನ್‌ಗಳನ್ನು ಒಳಗೆ ನುಗ್ಗಿಸುತ್ತದೆ, ಅಥವಾ ಹೊರಗೆ ಎಳೆಯುತ್ತದೆ. ಒಳಗೆ ಸಿಕ್ಕಿಬಿದ್ದ ಎಲೆಕ್ಟ್ರಾನ್‌ಗಳಿಗೆ ಹೋಗಲು ದಾರಿಯಿಲ್ಲ. ಕರೆಂಟ್ ಇರಲಿ ಬಿಡಲಿ, ಅಲ್ಲೇ ಇರುತ್ತವೆ. ಇದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು. ನಮ್ಮ ನೆನಪು ಅಂದರೆ ಅಷ್ಟೇ.

ತೊಂದರೆ ಇರುವುದು ಆ ಗೋಡೆಯಲ್ಲಿ. ಪ್ರತಿ ಸಲ ನುಗ್ಗಿಸಿದಾಗಲೂ, ಎಳೆದಾಗಲೂ ಗೋಡೆಗೆ ಸ್ವಲ್ಪ ಪೆಟ್ಟು ಬೀಳುತ್ತದೆ. ಹಳೆಯ ಸೇದುವ ಬಾವಿಗಳ ಕಟ್ಟೆ ನೋಡಿದ್ದೀರಲ್ಲ, ಹಗ್ಗ ಉಜ್ಜಿ ಉಜ್ಜಿ ಕಲ್ಲಿನಲ್ಲೇ ಗೆರೆ ಬಿದ್ದಿರುತ್ತದೆ. ಇಲ್ಲೂ ಹಾಗೇ. ಒಂದು ಸಲಕ್ಕೆ ಏನೂ ಆಗಲ್ಲ, ಲಕ್ಷ ಸಲಕ್ಕೆ ಆಗುತ್ತದೆ. ಪೆಟ್ಟು ತಿಂದ ಗೋಡೆ ಸೋರಲು ಶುರುವಾಗುತ್ತದೆ, ಬೆಳಿಗ್ಗೆ ತುಂಬಿಸಿದ್ದು ಸಂಜೆಗೆ ಉಳಿಯುವುದಿಲ್ಲ. ಬಿಸಿ ಜಾಸ್ತಿಯಾದಷ್ಟೂ ಸೋರಿಕೆ ಜಾಸ್ತಿ. ಆರ್ಡುಯಿನೋ ಊನೋ ಬೋರ್ಡಿನಲ್ಲಿರುವ ಎಟಿಮೆಗಾ328ಪಿ ಚಿಪ್ಪಿನ ಡೇಟಾಶೀಟ್ (ಚಿಪ್ ಮಾಡಿದ ಕಂಪನಿ ಕೊಡುವ ವಿವರಪತ್ರ) ನೋಡಿ: 25 ಡಿಗ್ರಿಯಲ್ಲಿ 100 ವರ್ಷ, 85 ಡಿಗ್ರಿಯಲ್ಲಿ 20 ವರ್ಷ ಡೇಟಾ ಉಳಿಯುತ್ತದೆ ಅಂತ ಬರೆದಿದೆ. ಹೊಲದ ನಡುವೆ ಕಂಬಕ್ಕೆ ಹೊಡೆದ ತಗಡಿನ ಪೆಟ್ಟಿಗೆಯೊಳಗೆ ಬೇಸಿಗೆಯ ಮಧ್ಯಾಹ್ನ ಹೇಗಿರುತ್ತದೆ ಅಂತ ಕೈ ಇಟ್ಟು ನೋಡಿದವರಿಗೆ ಗೊತ್ತು.

ಈ ಫ್ಲೋಟಿಂಗ್ ಗೇಟ್ ಉಪಾಯ 1967ರದು, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡಾವೊನ್ ಕಾಂಗ್ ಮತ್ತು ಸೈಮನ್ ಸ್ಝೆ ಕೊಟ್ಟದ್ದು. 1971ರಲ್ಲಿ ಇಂಟೆಲ್‌ನ ಡೋವ್ ಫ್ರೋಮನ್ ಇದನ್ನು ಬಳಸಿ ಇಪ್ರಾಮ್ ಮಾಡಿದರು. ನಡುವೆ ಗಾಜಿನ ಕಿಟಕಿ ಇದ್ದ ಆ ಚಿಪ್ಪುಗಳನ್ನು ನಮ್ಮ ಕಾಲೇಜಿನ ಲ್ಯಾಬಿನಲ್ಲಿ ನಾವೂ ಬಳಸಿದ್ದೇವೆ. ಅಳಿಸಬೇಕಾದರೆ ನೇರಳಾತೀತ ದೀಪದ ಪೆಟ್ಟಿಗೆಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಇಡಬೇಕಿತ್ತು, ಬರೆದಾದ ಮೇಲೆ ಬೆಳಕು ಬೀಳದಂತೆ ಕಿಟಕಿಗೆ ಸ್ಟಿಕ್ಕರ್ ಅಂಟಿಸಬೇಕಿತ್ತು. ಆಮೇಲೆ ಕರೆಂಟಿನಿಂದಲೇ ಅಳಿಸುವ ಇಇಪ್ರಾಮ್ ಬಂತು. 1984ರಲ್ಲಿ ತೋಷಿಬಾದ ಫುಜಿಯೋ ಮಸುವೊಕ ಫ್ಲ್ಯಾಶ್ ಅನ್ನು ಜಗತ್ತಿನ ಮುಂದಿಟ್ಟರು. ದೊಡ್ಡ ಭಾಗವನ್ನು ಒಂದೇ ಏಟಿಗೆ ಅಳಿಸುವುದು ಕ್ಯಾಮೆರಾ ಫ್ಲ್ಯಾಶ್ ಹೊಡೆದಂತೆ ಕಂಡಿದ್ದರಿಂದ ಆ ಹೆಸರು ಬಂತಂತೆ.

ಇಇಪ್ರಾಮ್‌ಗೂ ಫ್ಲ್ಯಾಶ್‌ಗೂ ಇರುವ ವ್ಯತ್ಯಾಸ ಸರಿಯಾಗಿ ತಲೆಗೆ ಹೋದರೆ ಅರ್ಧ ಸಮಸ್ಯೆ ಅರ್ಥವಾದ ಹಾಗೆ. ಅಂಗಳದಲ್ಲಿ ರಂಗೋಲಿ ಹಾಕುವುದನ್ನು ನೆನಪಿಸಿಕೊಳ್ಳಿ. ಖಾಲಿ ಜಾಗ ಇರುವಲ್ಲಿ ಎಲ್ಲಿ ಬೇಕಾದರೂ ಇನ್ನೊಂದು ಚುಕ್ಕಿ ಇಡಬಹುದು, ಗೆರೆ ಎಳೆಯಬಹುದು. ಇಟ್ಟ ಒಂದು ಚುಕ್ಕಿ ಮಾತ್ರ ತೆಗೆಯಬೇಕು ಅಂದರೆ ಆಗಲ್ಲ, ಅಂಗಳವನ್ನೇ ಗುಡಿಸಿ ನೀರು ಹಾಕಿ ಮೊದಲಿಂದ ಹಾಕಬೇಕು. ಫ್ಲ್ಯಾಶ್ ಅಂದರೆ ಇದೇ. ಬರೆಯುವಾಗ 1 ಇದ್ದ ಬಿಟ್ 0 ಆಗಬಹುದು ಅಷ್ಟೇ, 0 ಇದ್ದದ್ದು ಮತ್ತೆ 1 ಆಗಬೇಕಾದರೆ ಇಡೀ ಸೆಕ್ಟರ್ (ಒಂದೇ ಏಟಿಗೆ ಅಳಿಯುವ ಭಾಗ) ಅಳಿಸಬೇಕು. ಎಲ್ಲ ಕಡೆ ಸಿಗುವ ಡಬ್ಲ್ಯು25ಕ್ಯೂ ಸರಣಿಯ ಫ್ಲ್ಯಾಶ್ ಚಿಪ್ಪಿನಲ್ಲಿ ಅತಿ ಚಿಕ್ಕ ಸೆಕ್ಟರ್ 4 ಕೆಬಿ. ಅಂದರೆ ಒಂದು ಬೈಟ್ ಬದಲಾಯಿಸಲು 4096 ಬೈಟ್ ಅಳಿಸಬೇಕು, ಗೋಡೆಗೆ ಪೆಟ್ಟು ಬೀಳುವುದೂ ಅಷ್ಟಕ್ಕೂ. ಇಇಪ್ರಾಮ್‌ನಲ್ಲಿ ಹಾಗಿಲ್ಲ, ಒಂದೊಂದೇ ಬೈಟ್ ಅಳಿಸಿ ಬರೆಯಬಹುದು. ಅದಕ್ಕೇ ಅದು ದುಬಾರಿ, ಜಾಗವೂ ಕಡಿಮೆ. ಎಟಿಮೆಗಾ328ಪಿಯಲ್ಲಿ ಫ್ಲ್ಯಾಶ್ 32 ಕೆಬಿ ಇದ್ದರೆ ಇಇಪ್ರಾಮ್ ಬರೀ 1 ಕೆಬಿ.

ಇನ್ನು ಎಷ್ಟು ಸಲ ಬರೆಯಬಹುದು ಅನ್ನೋ ಲೆಕ್ಕ. ಅದೇ ಚಿಪ್ಪಿನ ಫ್ಲ್ಯಾಶ್‌ಗೆ 10,000 ಸಲ, ಇಇಪ್ರಾಮ್‌ಗೆ 1,00,000 ಸಲ. ಬೇರೆಯಾಗಿ ಹಾಕುವ 24 ಸರಣಿಯ ಇಇಪ್ರಾಮ್‌ಗಳಲ್ಲಿ ಹಲವಕ್ಕೆ ಹತ್ತು ಲಕ್ಷ. ಡಬ್ಲ್ಯು25ಕ್ಯೂ ಸೆಕ್ಟರಿಗೆ ಒಂದು ಲಕ್ಷ. ಫೋನು, ಕಾರಿನ ಸ್ಕ್ರೀನ್‌ಗಳಲ್ಲಿ ಬರುವ ಇಎಂಎಂಸಿಯಂಥ ದೊಡ್ಡ ಸಂಗ್ರಹಗಳಲ್ಲಿ ಒಂದೇ ಕೋಶದಲ್ಲಿ ಎರಡು ಮೂರು ಬಿಟ್ ತುರುಕುತ್ತಾರೆ. ಅಲ್ಲಿ ಈ ಸಂಖ್ಯೆ ಕೆಲವೇ ಸಾವಿರಕ್ಕೆ ಇಳಿಯುತ್ತದೆ.

ಒಂದು ಲಕ್ಷ ಅಂದ ಕೂಡಲೇ ಮನಸ್ಸಿಗೆ ನೆಮ್ಮದಿಯಾಗುತ್ತದೆ. ಅಲ್ಲೇ ನಾವು ಎಡವುವುದು. ಸೆಕೆಂಡಿಗೊಮ್ಮೆ ಒಂದೇ ಜಾಗಕ್ಕೆ ಬರೆದರೆ ಒಂದು ಲಕ್ಷ ಮುಗಿಯಲು 28 ಗಂಟೆ ಸಾಕು. ನಿಮಿಷಕ್ಕೊಮ್ಮೆ ಬರೆದರೆ 69 ದಿನ.

ಮೋಟಾರ್ ಎಷ್ಟು ಹೊತ್ತು ಓಡಿತು ಅನ್ನೋದನ್ನು ಪೆಟ್ಟಿಗೆಯ ಇಇಪ್ರಾಮ್‌ಗೆ ನಾನು ಬರೆಯುತ್ತಿದ್ದದ್ದು ಹತ್ತು ಸೆಕೆಂಡಿಗೊಮ್ಮೆ. ಯಾಕೆ ಹತ್ತು ಅಂದರೆ ಕಾರಣವೇ ಇಲ್ಲ. ಕೈಗೆ ಬಂದ ಸಂಖ್ಯೆ ಹಾಕಿದ್ದೆ. ನಮ್ಮ ರಾಜ್ಯದಲ್ಲಿ ಪಂಪ್‌ಸೆಟ್ಟುಗಳಿಗೆ ದಿನಕ್ಕೆ ಏಳು ಗಂಟೆ ತ್ರೀಫೇಸ್ ಅನ್ನೋದು ಲೆಕ್ಕ. ಏಳು ಗಂಟೆಗೆ 2520 ಸಲ ಬರೆದ ಹಾಗಾಯಿತು. 40 ದಿನಕ್ಕೆ ಒಂದು ಲಕ್ಷ ದಾಟುತ್ತದೆ. ಅಂದರೆ ಡೇಟಾಶೀಟ್ ಕೊಟ್ಟ ಮಾತು ಎರಡನೇ ತಿಂಗಳಲ್ಲೇ ಮುಗಿದಿತ್ತು!

ಹಾಗಾದರೆ ಹದಿಮೂರು ತಿಂಗಳು ಹೇಗೆ ನಡೆಯಿತು? ಡೇಟಾಶೀಟಿನ ಸಂಖ್ಯೆ ಕಂಪನಿ ಖಾತ್ರಿ ಕೊಡುವ ಕನಿಷ್ಠ. ಒಂದು ಲಕ್ಷದ ಒಂದನೇ ಸಲಕ್ಕೆ ಚಿಪ್ ಸಾಯುವುದಿಲ್ಲ. ನಮ್ಮವು ಸುಮಾರು ಹತ್ತು ಲಕ್ಷ ಬರಹ ತಡೆದುಕೊಂಡವು. ಹತ್ತು ಲಕ್ಷವನ್ನು 2520ರಿಂದ ಭಾಗಿಸಿದರೆ 397 ದಿನ, ಹದಿಮೂರು ತಿಂಗಳು. ಪೆಟ್ಟಿಗೆಗಳು ಹೆಚ್ಚುಕಮ್ಮಿ ಒಂದೇ ವಾರದಲ್ಲಿ ಕೈಕೊಟ್ಟದ್ದು ಯಾಕೆ ಅಂತ ಆಗ ಅರ್ಥವಾಯಿತು. ಎಲ್ಲವನ್ನೂ ಹಿಂದಿನ ವರ್ಷ ಮಾರ್ಚಿನಲ್ಲಿ ಹಾಕಿದ್ದೆವು.

ಇಲ್ಲಿ ನನಗೆ ಮುಖ್ಯ ಅನ್ನಿಸುವುದು ಇದು. ಚಿಪ್ ಒಳ್ಳೆಯದಾಗಿದ್ದದ್ದೇ ತಪ್ಪನ್ನು ಮುಚ್ಚಿಟ್ಟಿತು. 40ನೇ ದಿನಕ್ಕೇ ಕೆಟ್ಟಿದ್ದರೆ ನಮ್ಮ ಟೇಬಲ್ ಮೇಲೆಯೇ, ಮಾರುವ ಮೊದಲೇ ಗೊತ್ತಾಗುತ್ತಿತ್ತು. ಹದಿಮೂರು ತಿಂಗಳು ತಡೆದಿದ್ದರಿಂದ ಎಲ್ಲ ಪರೀಕ್ಷೆ ಪಾಸಾಗಿ, ಮಾರಾಟವಾಗಿ, ವಾರಂಟಿ ಮುಗಿದು, ಕೊನೆಗೆ ಭಾರ ಬಿದ್ದದ್ದು ಬೇಸಿಗೆಯಲ್ಲಿ ತೋಟ ನಂಬಿಕೊಂಡವರ ಮೇಲೆ. ಪರೀಕ್ಷೆ ಮಾಡಿ ಹಿಡಿಯಬಹುದಾದ ತಪ್ಪಲ್ಲ ಇದು. ಪೆನ್ನು ಕಾಗದ ಹಿಡಿದು ಐದು ನಿಮಿಷ ಲೆಕ್ಕ ಹಾಕಿದರೆ ಮಾತ್ರ ಸಿಗುವ ತಪ್ಪು. ಅದನ್ನು ನಾನು ಹಾಕಿರಲಿಲ್ಲ.

ಇದು ಚಿಕ್ಕ ಕಂಪನಿಯ, ಚಿಕ್ಕ ಪೆಟ್ಟಿಗೆಯ ಕಥೆ ಅಂತ ಅನ್ನಿಸಬಹುದು. ಟೆಸ್ಲಾದಲ್ಲೂ ಇದೇ ಆಯಿತು. 2012ರಿಂದ 2018ರವರೆಗಿನ ಮಾಡೆಲ್ ಎಸ್, 2016ರಿಂದ 2018ರವರೆಗಿನ ಮಾಡೆಲ್ ಎಕ್ಸ್ ಕಾರುಗಳ ನಡುವಿನ ದೊಡ್ಡ ಸ್ಕ್ರೀನ್ ನಡೆಸುವ ಕಂಪ್ಯೂಟರಿನಲ್ಲಿ 8 ಜಿಬಿಯ ಇಎಂಎಂಸಿ ಇತ್ತು. ಅದರ ಆಯುಸ್ಸು 3,000 ಸಲ ಅಳಿಸಿ ಬರೆಯುವಷ್ಟು. 8 ಜಿಬಿಯನ್ನು 3,000 ಸಲ ಅಂದರೆ 24,000 ಜಿಬಿ, ಕೇಳಲು ಬೇಕಾದಷ್ಟಾಯಿತು. ಆದರೆ ಕಾರು ಲಾಗ್ ಬರೆಯುತ್ತಲೇ ಇತ್ತು, ಸಾಫ್ಟ್‌ವೇರ್ ಗಾತ್ರ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಲೇ ಹೋಯಿತು, ಉಳಿದ ಖಾಲಿ ಜಾಗ ಕಡಿಮೆಯಾದಷ್ಟೂ ಅದೇ ಜಾಗಗಳಿಗೆ ಮತ್ತೆ ಮತ್ತೆ ಪೆಟ್ಟು ಬೀಳತೊಡಗಿತು. ಐದಾರು ವರ್ಷಕ್ಕೆ ಮೆಮೊರಿ ಮುಗಿಯುತ್ತಿತ್ತು. ಹಿಂದಿನಿಂದ ಲೆಕ್ಕ ಹಾಕಿದರೆ ದಿನಕ್ಕೆ ಹನ್ನೊಂದರಿಂದ ಹದಿಮೂರು ಜಿಬಿ ಬರೆದ ಹಾಗೆ.

ಮೆಮೊರಿ ಹೋದರೆ ಹಾಡು ಕೇಳೋದಕ್ಕೆ ಆಗಲ್ಲ ಅಷ್ಟೇ ತಾನೆ ಅನ್ನುವ ಹಾಗಿರಲಿಲ್ಲ. ರಿವರ್ಸ್ ಕ್ಯಾಮೆರಾ, ಗಾಜಿನ ಮಂಜು ತೆಗೆಯುವ ವ್ಯವಸ್ಥೆಯ ನಿಯಂತ್ರಣ, ಇಂಡಿಕೇಟರ್ ಸದ್ದು, ಎಲ್ಲವೂ ಆ ಸ್ಕ್ರೀನಿಗೇ ಅಂಟಿಕೊಂಡಿದ್ದವು. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ 2021ರ ಜನವರಿಯಲ್ಲಿ ಸುಮಾರು 1,58,000 ಕಾರುಗಳನ್ನು ವಾಪಸ್ ಕರೆಸಿ ಅಂತ ಪತ್ರ ಬರೆಯಿತು. ಫೆಬ್ರವರಿಯಲ್ಲಿ ಟೆಸ್ಲಾ 1,34,951 ಕಾರುಗಳಿಗೆ ಒಪ್ಪಿಕೊಂಡು, 64 ಜಿಬಿಯ ಹೊಸ ಮೆಮೊರಿ ಹಾಕಿಕೊಡಲು ಶುರು ಮಾಡಿತು. ಬ್ರೇಕಿನ ಪ್ಯಾಡ್ ಸವೆದ ಹಾಗೆ ಮೆಮೊರಿ ಸವೆಯುವುದೂ ಸಹಜ ಅನ್ನೋ ವಾದ ಆಗ ಕೇಳಿಬಂತು. ನಾನು ಇದನ್ನು ಒಪ್ಪುವುದಿಲ್ಲ. ಬ್ರೇಕ್ ಪ್ಯಾಡ್ ಸವೆದರೆ ಸದ್ದು ಬರುತ್ತದೆ, ಮೆಕ್ಯಾನಿಕ್ ನೋಡಿ ಹೇಳುತ್ತಾರೆ, ಬದಲಾಯಿಸಲು ಸಿಗುತ್ತದೆ. ಬೋರ್ಡಿಗೆ ಬೆಸುಗೆ ಹಾಕಿದ ಚಿಪ್ ಸವೆಯುವುದು ಕಾರಿನ ಮಾಲೀಕರಿಗೆ ಕಾಣುವುದೂ ಇಲ್ಲ, ಕೈಗೆ ಸಿಗುವುದೂ ಇಲ್ಲ. ಸವೆಯುವ ವಸ್ತು ಅಂತ ಗೊತ್ತಿದ್ದರೆ ಅದನ್ನು ಸವೆಯುವ ವಸ್ತುವಿನ ಹಾಗೇ ಇಡಬೇಕು ಅಲ್ವಾ?

ಮಂಗಳ ಗ್ರಹದಲ್ಲೂ ಇದು ನಡೆದಿದೆ. ನಾಸಾದ ಆಪರ್ಚುನಿಟಿ ರೋವರ್ 2004ರಲ್ಲಿ ಇಳಿದಾಗ ಇದ್ದ ಗುರಿ 90 ದಿನ, ಅದು ಓಡಾಡಿದ್ದು 2018ರವರೆಗೆ. ಹತ್ತು ವರ್ಷ ಕಳೆದ ಮೇಲೆ ಅದರ ಫ್ಲ್ಯಾಶ್ ಮೆಮೊರಿ ತೊಂದರೆ ಕೊಡಲು ಶುರು ಮಾಡಿತು. ಕೊನೆಗೆ ಎಂಜಿನಿಯರುಗಳು ಫ್ಲ್ಯಾಶ್ ಇಲ್ಲದೆಯೇ ರೋವರ್ ನಡೆಸಿದರು. ರ‍್ಯಾಮ್ ಮಾತ್ರ ಇದ್ದರೆ ರೋವರ್ ನಿದ್ದೆಗೆ ಹೋದ ಕೂಡಲೇ ಎಲ್ಲ ಅಳಿಸಿಹೋಗುತ್ತದೆ. ಆದ್ದರಿಂದ ಆ ದಿನ ತೆಗೆದ ಚಿತ್ರ, ಅಳತೆಗಳನ್ನು ಮಲಗುವ ಮೊದಲೇ ಕಳಿಸಿಬಿಡಬೇಕಿತ್ತು. ಇದನ್ನು ಓದಿದಾಗ ನನಗೆ ಆ ತೋಟದ ಪೆಟ್ಟಿಗೆ ನೆನಪಾಯಿತು. ರಾತ್ರಿ ಕಳೆದರೆ ಮರೆವು, ಎರಡಕ್ಕೂ ಅದೇ ಕಾಯಿಲೆ. ರೋವರಿನದು ತೊಂಬತ್ತು ದಿನಕ್ಕೆ ಮಾಡಿ ಹತ್ತು ವರ್ಷ ದುಡಿಸಿದ ಮೇಲೆ ಬಂದದ್ದು, ನಮ್ಮದು ಹತ್ತು ವರ್ಷಕ್ಕೆ ಅಂತ ಮಾರಿ ಹದಿಮೂರೇ ತಿಂಗಳಿಗೆ ಬಂದದ್ದು.

ಸರಿ, ಪರಿಹಾರ ಏನು? ಜಾಸ್ತಿ ದುಡ್ಡಿನ ಚಿಪ್ ಬೇಕಾಗಿಲ್ಲ. ನಮ್ಮ ಪೆಟ್ಟಿಗೆಯಲ್ಲಿ 1024 ಬೈಟ್ ಇಇಪ್ರಾಮ್ ಇತ್ತು. ನಾನು ಹತ್ತು ಲಕ್ಷ ಸಲ ಉಜ್ಜಿದ್ದು ಅದರಲ್ಲಿ ನಾಲ್ಕೇ ಬೈಟ್. ಇನ್ನೊಂದಷ್ಟರಲ್ಲಿ ಸೆಟ್ಟಿಂಗ್ ಇದ್ದವು, ಅವನ್ನು ವರ್ಷಕ್ಕೆ ಒಂದೆರಡು ಸಲ ಬರೆದಿರಬಹುದು. ಉಳಿದ ಸುಮಾರು ಒಂದು ಸಾವಿರ ಬೈಟ್ ಅಂಗಡಿಯಿಂದ ತಂದ ದಿನದ ಹಾಗೇ ಇದ್ದವು. ನಾಲ್ಕು ಬೈಟಿಗಾಗಿ ಇಡೀ ಸ್ಟಾರ್ಟರ್ ಮೂಲೆಗೆ ಬಿದ್ದಿತ್ತು.

ಹೊಸ ಫರ್ಮ್‌ವೇರಿನಲ್ಲಿ 800 ಬೈಟ್ ತೆಗೆದುಕೊಂಡು 100 ಮನೆ ಮಾಡಿದೆ, ಒಂದೊಂದಕ್ಕೆ 8 ಬೈಟ್. ಅದರಲ್ಲಿ ನಾಲ್ಕು ಬೈಟ್ ಓಡಿದ ಹೊತ್ತು, ಎರಡು ಬೈಟ್ ಕ್ರಮಸಂಖ್ಯೆ, ಎರಡು ಬೈಟ್ ಸಿಆರ್‌ಸಿ, ಅಂದರೆ ಬರೆದದ್ದು ಕೆಟ್ಟಿದೆಯೇ ಅಂತ ತಾಳೆ ನೋಡುವ ಸಂಖ್ಯೆ. ಪ್ರತಿ ಸಲ ಮುಂದಿನ ಮನೆಗೆ ಬರೆಯುತ್ತಾ ಹೋಗುವುದು, ನೂರನೆಯದು ಮುಗಿದರೆ ಮತ್ತೆ ಒಂದನೆಯದು. ಕರೆಂಟ್ ಬಂದಾಗ ನೂರನ್ನೂ ಓದಿ, ಸಿಆರ್‌ಸಿ ಸರಿ ಇರುವುದರಲ್ಲಿ ಇತ್ತೀಚಿನದನ್ನು ಹಿಡಿದುಕೊಳ್ಳುವುದು. ಎರಡು ಬೈಟ್ ಕ್ರಮಸಂಖ್ಯೆ 65,535 ಆದ ಮೇಲೆ ಸೊನ್ನೆಗೆ ತಿರುಗುತ್ತದೆ, ಹೋಲಿಸುವಾಗ ಅದನ್ನು ಮರೆಯಬಾರದು. ಈಗ ಲೆಕ್ಕ ನೋಡಿ. ನೂರು ಮನೆ, ಮನೆಗೆ ಒಂದು ಲಕ್ಷ, ಒಟ್ಟು ಒಂದು ಕೋಟಿ. ಅದೇ ಹತ್ತು ಸೆಕೆಂಡಿಗೊಮ್ಮೆ ಬರೆದರೂ 3,968 ದಿನ, ಹತ್ತಿರ ಹತ್ತಿರ ಹನ್ನೊಂದು ವರ್ಷ. ನಿಮಿಷಕ್ಕೊಮ್ಮೆ ಮಾಡಿದರೆ 65 ವರ್ಷ. ಇದು ಡೇಟಾಶೀಟಿನ ಖಾತ್ರಿಯ ಒಳಗೇ. ಒಂದು ಪೈಸೆ ಖರ್ಚಿಲ್ಲ.

ಫ್ಲ್ಯಾಶ್‌ನಲ್ಲೂ ಇದೇ ದಾರಿ, ಅಲ್ಲಿ ಲಾಭ ಇನ್ನೂ ಜಾಸ್ತಿ. 4 ಕೆಬಿ ಸೆಕ್ಟರಿನಲ್ಲಿ 16 ಬೈಟಿನ ದಾಖಲೆಗಳನ್ನು ಒಂದರ ಕೆಳಗೊಂದು ಬರೆಯುತ್ತಾ ಹೋದರೆ 256 ದಾಖಲೆಗೆ ಒಂದೇ ಸಲ ಅಳಿಸಿದರೆ ಸಾಕು. ಅಂಗಳ ತುಂಬುವವರೆಗೆ ಗುಡಿಸಬೇಡಿ ಅಂತ. ವೈಫೈ ಇರುವ ಇಎಸ್‌ಪಿ32 ಚಿಪ್ ಜೊತೆ ಬರುವ ಎನ್‌ವಿಎಸ್ ಲೈಬ್ರರಿ (ಸಿದ್ಧ ಕೋಡ್) ಮಾಡುವುದು ಇದನ್ನೇ. ಆದರೆ ಅದರ ಅಣ್ಣ ಇಎಸ್‌ಪಿ8266ಕ್ಕೆ ಆರ್ಡುಯಿನೋದಲ್ಲಿ ಸಿಗುವ ಇಇಪ್ರಾಮ್ ಲೈಬ್ರರಿ ಹಾಗಲ್ಲ. ಹೆಸರು ಇಇಪ್ರಾಮ್ ಅಂತ ಇದ್ದರೂ ಆ ಚಿಪ್ಪಿನಲ್ಲಿ ಇಇಪ್ರಾಮ್ ಇಲ್ಲವೇ ಇಲ್ಲ. ಬದಲಾದ ಡೇಟಾವನ್ನು ಕಮಿಟ್ ಮಾಡಿದಾಗಲೆಲ್ಲ, ಅಂದರೆ ಉಳಿಸು ಅಂತ ಹೇಳಿದಾಗಲೆಲ್ಲ, ಇಡೀ 4 ಕೆಬಿ ಸೆಕ್ಟರ್ ಅಳಿಸಿ ಬರೆಯುತ್ತದೆ. ಮನೆಯಲ್ಲಿ ಸೆನ್ಸರ್ ಇಟ್ಟುಕೊಂಡು ನಿಮಿಷಕ್ಕೊಮ್ಮೆ ಅದಕ್ಕೆ ಬರೆಯುವ ಕೋಡ್‌ಗಳನ್ನು ತುಂಬಾ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಎಸ್‌ಟಿಎಂ32ಎಫ್103ರಂಥ ಚಿಪ್ಪುಗಳಲ್ಲೂ ಇಇಪ್ರಾಮ್ ಇಲ್ಲ, ಪ್ರೋಗ್ರಾಂ ಇರುವ ಫ್ಲ್ಯಾಶ್‌ನಲ್ಲೇ ಒಂದೆರಡು ಪುಟ ಮೀಸಲಿಡಬೇಕು, ಅದರ ಆಯುಸ್ಸು ಹತ್ತೇ ಸಾವಿರ.

ಆರ್ಡುಯಿನೋ ಬಳಸುವವರಿಗೆ ಇನ್ನೊಂದು ಮಾತು. ರೈಟ್ ಬದಲು ಅಪ್‌ಡೇಟ್ ಫಂಕ್ಷನ್ ಬಳಸಿ. ಅದು ಮೊದಲು ಓದಿ ನೋಡುತ್ತದೆ, ಬದಲಾಗಿದ್ದರೆ ಮಾತ್ರ ಬರೆಯುತ್ತದೆ. ಎಣಿಕೆಯ ನಾಲ್ಕು ಬೈಟಿನಲ್ಲಿ ಪ್ರತಿ ಸಲ ಬದಲಾಗುವುದು ಹೆಚ್ಚಾಗಿ ಕೆಳಗಿನ ಒಂದೇ ಬೈಟ್. ನಾನು ನಾಲ್ಕನ್ನೂ ಸುಮ್ನೆ ಸವೆಸಿದ್ದೆ. ಇನ್ನೊಂದು ಎಚ್ಚರ ಏನಂದರೆ, ಹೊರಗೆ ಹಾಕುವ ಕೆಲವು ಇಇಪ್ರಾಮ್‌ಗಳು ಒಂದು ಬೈಟ್ ಬರೆದರೂ ಒಳಗೆ ನಾಲ್ಕು ಬೈಟಿನ ಗುಂಪನ್ನೇ ಮತ್ತೆ ಬರೆಯುತ್ತವೆ. ಎಸ್‌ಟಿ ಕಂಪನಿಯ ಹಲವು ಚಿಪ್ಪುಗಳ ಡೇಟಾಶೀಟಿನಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದ್ದಾರೆ, ಯಾಕೆಂದರೆ ತಪ್ಪು ತಿದ್ದುವ ಕೋಡ್ ನಾಲ್ಕು ಬೈಟಿಗೆ ಒಂದು ಇರುತ್ತದೆ. ಪಕ್ಕಪಕ್ಕದ ಬೈಟುಗಳಿಗೆ ಹಂಚಿದೆ ಅಂದುಕೊಂಡು ಅದೇ ಗುಂಪನ್ನು ಉಜ್ಜುತ್ತಿರಬಹುದು. ಡೇಟಾಶೀಟಿನ ಮೊದಲ ಪುಟದ ಸಂಖ್ಯೆ ನೋಡಿ ಮುಚ್ಚಿಡಬಾರದು.

ಸವೆತ ಒಂದು ಕಡೆಯಾದರೆ, ಬರೆಯುತ್ತಿರುವಾಗಲೇ ಕರೆಂಟ್ ಹೋಗುವುದು ಇನ್ನೊಂದು ಕಡೆ. ನಮ್ಮ ಹಳ್ಳಿಗಳ ಕಡೆ ಇದು ದಿನಾ ನಡೆಯುವ ಮಾತು. ಲೋ ವೋಲ್ಟೇಜ್ ಇನ್ನೂ ಕೆಟ್ಟದ್ದು. ಎಟಿಮೆಗಾ328ಪಿಯಲ್ಲಿ ಒಂದು ಬೈಟ್ ಬರೆಯಲು 3.3 ಮಿಲಿಸೆಕೆಂಡ್ ಬೇಕು, ಹೊರಗಿನ ಇಇಪ್ರಾಮ್‌ಗಳಿಗೆ 5 ಮಿಲಿಸೆಕೆಂಡ್ ತನಕ. ಅಷ್ಟರಲ್ಲಿ ವೋಲ್ಟೇಜ್ ಕುಸಿದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಇನ್ನೂ ಕೆಟ್ಟದ್ದು ಅಂದರೆ ವೋಲ್ಟೇಜ್ ಅರೆಬರೆ ಇದ್ದಾಗ ಪ್ರೊಸೆಸರ್ ತಲೆಬುಡ ಇಲ್ಲದ ಆದೇಶಗಳನ್ನು ನಡೆಸುವುದು, ನಾವು ಬರೆಯಿರಿ ಅಂತ ಹೇಳದೇ ಇದ್ದ ಜಾಗಕ್ಕೂ ಬರೆದುಬಿಡುವುದು. ಇದನ್ನು ತಡೆಯಲು ಚಿಪ್ಪಿನಲ್ಲೇ ಬ್ರೌನ್‌ಔಟ್ ಡಿಟೆಕ್ಟರ್ ಇರುತ್ತದೆ, ವೋಲ್ಟೇಜ್ ಒಂದು ಮಟ್ಟಕ್ಕಿಂತ ಇಳಿದರೆ ಚಿಪ್ಪನ್ನೇ ಹಿಡಿದು ನಿಲ್ಲಿಸುತ್ತದೆ. ಆದರೆ ಅದನ್ನು ನಾವು ಆನ್ ಮಾಡಬೇಕು. ಎಷ್ಟೋ ಬೋರ್ಡುಗಳಲ್ಲಿ ಅದು ಆಫ್ ಆಗಿಯೇ ಹೊಲಕ್ಕೆ ಹೋಗಿರುತ್ತದೆ.

ನೂರು ಮನೆಗಳ ಪದ್ಧತಿ ಇಲ್ಲೂ ಕೈ ಹಿಡಿಯುತ್ತದೆ. ಬರೆಯುತ್ತಿದ್ದ ಮನೆ ಕೆಟ್ಟರೆ ಸಿಆರ್‌ಸಿ ಹೊಂದುವುದಿಲ್ಲ, ಹಿಂದಿನ ಮನೆ ಹಾಗೇ ಇರುತ್ತದೆ, ಹತ್ತು ಸೆಕೆಂಡಿನ ಲೆಕ್ಕ ಮಾತ್ರ ಹೋಗುತ್ತದೆ. ಅದಕ್ಕಿಂತ ಒಳ್ಳೆಯ ದಾರಿಯೂ ಇದೆ. ಕರೆಂಟ್ ಹೋಗುವ ಕ್ಷಣದಲ್ಲಿ ಮಾತ್ರ ಬರೆಯುವುದು. ಚಿಪ್ಪಿಗೆ ಸ್ಥಿರ ವೋಲ್ಟೇಜ್ ಕೊಡುವ ರೆಗ್ಯುಲೇಟರಿನ ಮೊದಲು ವೋಲ್ಟೇಜ್ ಗಮನಿಸುತ್ತಿದ್ದು, ಇಳಿಯಲು ಶುರುವಾದ ಕೂಡಲೇ ಮೋಟಾರ್ ಆನ್ ಆಫ್ ಮಾಡುವ ರಿಲೇ ಬಿಟ್ಟು, ಎಲ್‌ಇಡಿ ಆರಿಸಿ, ನೆನಪಿಡಬೇಕಾದ್ದನ್ನು ಬರೆದು ಮುಗಿಸಬೇಕು. ಬೋರ್ಡ್ 20 ಮಿಲಿಆಂಪ್ ಎಳೆಯುತ್ತಿದ್ದು, 2 ವೋಲ್ಟ್ ಇಳಿಯುವವರೆಗೆ ಕೆಲಸ ನಡೆಯುವ ಹಾಗಿದ್ದರೆ, 470 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ 47 ಮಿಲಿಸೆಕೆಂಡ್ ಕೊಡುತ್ತದೆ. ಎಂಟು ಬೈಟಿಗೆ ಬೇಕಾದದ್ದು 27 ಮಿಲಿಸೆಕೆಂಡ್. ಕೆಲವೇ ರೂಪಾಯಿಯ ಕೆಪ್ಯಾಸಿಟರ್. ದಿನಕ್ಕೆ ಹತ್ತು ಸಲ ಕರೆಂಟ್ ಹೋದರೂ, ಒಂದೇ ಮನೆಗೆ ಬರೆದರೂ, ಒಂದು ಲಕ್ಷ ಮುಗಿಯಲು 27 ವರ್ಷ ಬೇಕು. ಕೆಪ್ಯಾಸಿಟರ್ ವರ್ಷಗಳಲ್ಲಿ ಒಣಗುತ್ತದೆ, ಆದ್ದರಿಂದ ಅದನ್ನೊಂದನ್ನೇ ನಂಬದೆ ಹತ್ತು ನಿಮಿಷಕ್ಕೊಮ್ಮೆ ಸುಮ್ನೆ ಒಂದು ಸಲ ಬರೆದಿಡುವುದು ಒಳ್ಳೆಯದು, ಅದೂ ನೂರು ಮನೆಗಳ ಪದ್ಧತಿಯಲ್ಲೇ.

ಸವೆಯದ ಮೆಮೊರಿ ಇಲ್ಲವೇ ಅಂದರೆ ಇದೆ. ಎಫ್‌ರ‍್ಯಾಮ್ ಅನ್ನುವುದರಲ್ಲಿ ಗೋಡೆ ನುಗ್ಗುವ ಕೆಲಸವೇ ಇಲ್ಲ. ಲಕ್ಷ ಕೋಟಿ ಸಲಕ್ಕಿಂತ ಜಾಸ್ತಿ ಬರೆಯಬಹುದು, ಕಾಯಬೇಕಾಗಿಯೂ ಇಲ್ಲ. ಬೆಲೆ ಜಾಸ್ತಿ, ಜಾಗ ಕಡಿಮೆ. ಹಣ ಲೆಕ್ಕ ಇಡುವ ಮೀಟರಿನಂಥ ಕಡೆ ನಾನು ಕಣ್ಣು ಮುಚ್ಚಿ ಅದನ್ನೇ ಹಾಕುತ್ತೇನೆ. ದೊಡ್ಡ ಕಂಪನಿಗಳೂ ಬೇರೆ ದಾರಿ ಹಿಡಿದಿವೆ, ಯಾಕೆಂದರೆ ಮೈಕ್ರೋಕಂಟ್ರೋಲರ್ (ಇಂಥ ಪೆಟ್ಟಿಗೆಗಳನ್ನು ನಡೆಸುವ ಚಿಪ್) ಒಳಗಿನ ಫ್ಲ್ಯಾಶ್ ಅನ್ನು 28 ನ್ಯಾನೋಮೀಟರಿಗಿಂತ ಚಿಕ್ಕದು ಮಾಡುವುದು ಬಹಳ ಕಷ್ಟ. ಕಾರುಗಳ ಚಿಪ್ಪಿಗೆ ಎಸ್‌ಟಿ ಫೇಸ್ ಚೇಂಜ್ ಮೆಮೊರಿ, ಇನ್ಫಿನಿಯನ್ ಆರ್‌ರ‍್ಯಾಮ್, ಎನ್‌ಎಕ್ಸ್‌ಪಿ ಎಂರ‍್ಯಾಮ್ ಆರಿಸಿಕೊಂಡಿವೆ. ಇವೆಲ್ಲ ನಮ್ಮ ಹೊಲದ ಪೆಟ್ಟಿಗೆಗೆ ಅಗ್ಗವಾಗಿ ಬರುವವರೆಗೆ ಫ್ಲ್ಯಾಶ್, ಇಇಪ್ರಾಮ್ ಜೊತೆಯಲ್ಲೇ ಬಾಳಬೇಕು.

ಈ ವಿಷಯ ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಮೆಮೊರಿ ಇರುವ ಪೆಟ್ಟಿಗೆಗಳು ಎಲ್ಲರ ಮನೆಯ ಗೋಡೆಗೆ ಬರುತ್ತಿವೆ. ಕೇಂದ್ರ ಸರ್ಕಾರ 2021ರ ಯೋಜನೆಯಲ್ಲಿ 25 ಕೋಟಿ ಪ್ರಿಪೇಯ್ಡ್ ಸ್ಮಾರ್ಟ್ ಮೀಟರುಗಳ ಗುರಿ ಇಟ್ಟಿದೆ. ಬೆಸ್ಕಾಂ 2025ರಲ್ಲಿ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿದಾಗ ಎಲ್ಲ ಕಡೆ ಮಾತಾದದ್ದು ಬೆಲೆಯ ಬಗ್ಗೆ. ಅದೂ ಆಗಬೇಕಾದ ಮಾತೇ. ಆದರೆ ಒಂದು ಮೀಟರ್ 15 ನಿಮಿಷಕ್ಕೊಮ್ಮೆ ಒಂದು ದಾಖಲೆ ಬರೆದರೆ ದಿನಕ್ಕೆ 96, ಹತ್ತು ವರ್ಷಕ್ಕೆ ಮೂರೂವರೆ ಲಕ್ಷ. ಒಳ್ಳೆಯ ವಿನ್ಯಾಸಕ್ಕೆ ಇದು ಏನೇನೂ ಅಲ್ಲ, ನಾನು ಅವತ್ತು ಮಾಡಿದಂಥ ವಿನ್ಯಾಸಕ್ಕೆ ಮೂರನೇ ವರ್ಷದಲ್ಲೇ ಮಿತಿ ದಾಟುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಮೀಟರ್ ಒಂದೇ ಥರ ಕಾಣುತ್ತವೆ, ಮೊದಲ ವರ್ಷದ ಪರೀಕ್ಷೆಯಲ್ಲಿ ಎರಡೂ ಪಾಸಾಗುತ್ತವೆ. ಆದ್ದರಿಂದ ಟೆಂಡರಿನಲ್ಲೇ ಕೇಳಬೇಕು. ದಿನಕ್ಕೆ ಎಷ್ಟು ಸಲ ಬರೆಯುತ್ತೀರಿ, ಎಷ್ಟು ಜಾಗಕ್ಕೆ ಹಂಚುತ್ತೀರಿ, 60 ಡಿಗ್ರಿ ಬಿಸಿಯಲ್ಲಿ ಎಷ್ಟು ವರ್ಷ ಅಂತ ಒಂದು ಪುಟದ ಲೆಕ್ಕ ಕೊಡಿ. ಕೊಡಲಾಗದ ಕಂಪನಿ ಲೆಕ್ಕ ಹಾಕಿಲ್ಲ ಅಂತಲೇ ಅರ್ಥ.

ಇದು ಆಗದ ಮಾತಲ್ಲ. ಯುರೋಪಿನಲ್ಲಿ 2025ರ ಜೂನ್ 20ರಿಂದ ಮಾರಾಟಕ್ಕೆ ಬರುವ ಫೋನುಗಳ ಬ್ಯಾಟರಿ 800 ಸಲ ಚಾರ್ಜ್ ಆದ ಮೇಲೂ 80% ಉಳಿಯಬೇಕು ಅಂತ ನಿಯಮ ಇದೆ. ಬ್ಯಾಟರಿಗೆ ಕೇಳಿದ್ದನ್ನು ಮೆಮೊರಿಗೂ ಕೇಳಬಹುದು. ಇಎಂಎಂಸಿಯಲ್ಲಂತೂ 5.0 ಆವೃತ್ತಿಯಿಂದ ಚಿಪ್ಪೇ ತನ್ನ ಆಯುಸ್ಸು ಎಷ್ಟು ಕಳೆದಿದೆ ಅಂತ ಹತ್ತು ಹತ್ತು ಪರ್ಸೆಂಟ್ ಲೆಕ್ಕದಲ್ಲಿ ಹೇಳುತ್ತದೆ. ಅದನ್ನು ಓದಿ ಸ್ಕ್ರೀನಿನ ಮೇಲೆ ತೋರಿಸುವುದು ಒಂದು ದಿನದ ಕೆಲಸ. ಹಳೆಯ ಕಾರು ಕೊಳ್ಳುವವರಿಗೆ ಕಿಲೋಮೀಟರ್ ಎಷ್ಟು ಮುಖ್ಯವೋ ಇದೂ ಅಷ್ಟೇ ಮುಖ್ಯ.

ಆ ವರ್ಷ ಏಪ್ರಿಲ್, ಮೇ ಪೂರ್ತಿ ನಾನೂ ಇನ್ನೊಬ್ಬ ಹುಡುಗನೂ ಲ್ಯಾಪ್‌ಟಾಪ್, ಪ್ರೋಗ್ರಾಮರ್ ಹಿಡಿದುಕೊಂಡು ತೋಟದಿಂದ ತೋಟಕ್ಕೆ ಹೋದೆವು. ವಾರಂಟಿ ಮುಗಿದಿದ್ದರೂ ದುಡ್ಡು ತೆಗೆದುಕೊಳ್ಳಬಾರದು ಅಂತ ಕಂಪನಿಯಲ್ಲಿ ಹಟ ಹಿಡಿದು ಒಪ್ಪಿಸಿದ್ದೆ. ಮೊದಲು ಫೋನ್ ಮಾಡಿದ್ದ ತೋಟದವರ ಪೆಟ್ಟಿಗೆ ತೆಗೆದು, ಕೇಬಲ್ ಚುಚ್ಚಿ, ಹೊಸ ಫರ್ಮ್‌ವೇರ್ ಹಾಕಿದೆ. ಸವೆದ ನಾಲ್ಕು ಬೈಟನ್ನು ಬಿಟ್ಟು ಉಳಿದ ಜಾಗ ಬಳಸುವ ಹಾಗೆ. ಒಂದು ನಿಮಿಷದ ಕೆಲಸ.

"ಚಿಪ್ ಬದ್ಲಾಯ್ಸಿದ್ರಾ ಸಾರ್?" ಅಂದರು.

"ಇಲ್ಲಣ್ಣ, ಅದೇ ಚಿಪ್. ಬರೆಯೋ ರೀತಿ ಬದಲಾಯಿಸಿದ್ದೀನಿ."

"ಹಂಗಾದ್ರೆ ಮೊದ್ಲೇ ಯಾಕೆ ಹಿಂಗೆ ಬರೀಲಿಲ್ಲ?"

"ಲೆಕ್ಕ ಹಾಕಿರಲಿಲ್ಲಣ್ಣ" ಅಂದೆ. ಅವರು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ತ್ರೀಫೇಸ್ ಬಂತು, ರಿಲೇ ಟಕ್ ಅಂತು, ಪೈಪಿನಲ್ಲಿ ನೀರು ಬರುವವರೆಗೆ ಇಬ್ಬರೂ ಅಲ್ಲೇ ನಿಂತಿದ್ದೆವು.